ಬಚ್ಚಲಪಾಲಕ ಮಹಾಶಯರು

ಬೆಂಗಳೂರಿನ ರಾಜಾಜಿನಗರ, ಜಯನಗರ, ಮೈಸೂರಿನ ಕುವೆಂಪುನಗರ ಮೊದಲಾದ ಬಡಾವಣೆಗಳ ಸ್ವಂತ ಮನೆಗಳಲ್ಲಿ, ನಿವೃತ್ತಿಯ ಸಮಾರಂಭದಲ್ಲಿ ಹೊದಿಸಿದ ಶಾಲು ಬೀರು ಸೇರುವ ಮೊದಲೇ ಮನೆಯ ಬಚ್ಚಲಿನ ಸಮಸ್ತ ಆಡಳಿತವನ್ನು ಯಾರ ಆದೇಶವೂ ಇಲ್ಲದೆ ವಹಿಸಿಕೊಳ್ಳುವ ಒಂದು ವರ್ಗದ ಗೃಹಸ್ಥರು ಕಂಡುಬರುತ್ತಾರೆ. ಅಧ್ಯಯನದ ಅನುಕೂಲಕ್ಕಾಗಿ ಇವರನ್ನು ಬಚ್ಚಲಪಾಲಕರು ಎಂದು ಕರೆಯಬಹುದು. ಇವರ ಪೂರ್ವಾಶ್ರಮ ಬ್ಯಾಂಕಾಗಿರಬಹುದು, ಕಾರ್ಖಾನೆಯಾಗಿರಬಹುದು, ಲೆಕ್ಕಪರಿಶೋಧನೆಯ ಕಚೇರಿಯಾಗಿರಬಹುದು. ಆದರೆ ಮೂರು ದಶಕ ಪರರ ಕಡತಗಳಲ್ಲಿ ಲೋಪ ಹುಡುಕಿದ ಕಣ್ಣಿಗೆ, ಕಡತ ಬರುವುದು ನಿಂತ ಮೇಲೆ, ಟೈಲ್ಸಿನ ಸಂದುಗಳೇ ಗತಿ ಎಂಬುದು ಎಲ್ಲರಿಗೂ ಸಮಾನವಾದ ಲಕ್ಷಣ. ಅಡುಗೆಮನೆ ಹೆಂಡತಿಯದು, ನಡುಮನೆ ಟಿವಿಯದು, ದೇವರಮನೆ ಸಂಪ್ರದಾಯದ್ದು, ಉಳಿದ ಕೋಣೆಗಳು ಮಗ, ಸೊಸೆ, ಮೊಮ್ಮಕ್ಕಳ ಪಾಲು. ಹೀಗೆ ಪಾಲಾಗಿ ಹೋದ ಮನೆಯಲ್ಲಿ ವಾರಸುದಾರರಿಲ್ಲದೆ ಉಳಿದದ್ದು ಬಚ್ಚಲೊಂದೇ ಆದ್ದರಿಂದ, ಪಾಲಕರು ಅದನ್ನು ಯುದ್ಧವಿಲ್ಲದೆ ಗೆದ್ದುಕೊಳ್ಳುತ್ತಾರೆ.

ಮಂಡಿಯವರೆಗೆ ಎತ್ತಿ ಕಟ್ಟಿದ ಪಂಚೆ, ಅರ್ಧತೋಳಿನ ಬನಿಯನ್, ಕಿವಿಯ ಮೇಲೆ ಪೆನ್ಸಿಲ್, ಇವು ಈ ವರ್ಗದ ಸಮವಸ್ತ್ರ. ಆಯುಧಾಗಾರವೆಂದರೆ ಹಳೆಯ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ನಾನಾ ಗಾತ್ರದ ರಬ್ಬರ್ ವಾಶರುಗಳು, ನಲ್ಲಿಯ ಮರೆಯಲ್ಲಿ ನೀರು ಜಿನುಗದಂತೆ ಸುತ್ತುವ ಬಿಳಿಯ ಟೆಫ್ಲಾನ್ ಟೇಪು, ಅರ್ಧ ಬಳಸಿ ಬಿಟ್ಟದ್ದರಿಂದ ಕಲ್ಲಾಗಿರುವ ಎಂ-ಸೀಲ್, ಯಾವ ನಲ್ಲಿಗೂ ಹೊಂದದ ಹಿಡಿಕೆಗಳು ಇರುತ್ತವೆ. ಸೋರುವ ನಲ್ಲಿ ಪಾಲಕರ ಪರಮವೈರಿ. ಸೆಕೆಂಡಿಗೊಂದು ಹನಿಯಂತೆ ತೊಟ್ಟಿಕ್ಕಿದರೆ ದಿನಕ್ಕೆ 86,400 ಹನಿ, ಒಂದು ಮಿಲಿಲೀಟರಿಗೆ ಸುಮಾರು 20 ಹನಿಯೆಂದು ಹಿಡಿದರೆ ದಿನಕ್ಕೆ ನಾಲ್ಕು ಲೀಟರಿಗೂ ಮಿಕ್ಕ ನೀರು ಎಂಬ ಲೆಕ್ಕವನ್ನು ಅವರು ಉಣ್ಣಲು ಕುಳಿತವರಿಗೆಲ್ಲ ಒಪ್ಪಿಸುತ್ತಾರೆ. ಲೆಕ್ಕ ಸರಿಯಾಗಿಯೇ ಇರುವುದರಿಂದ ಯಾರಿಗೂ ಎದುರಾಡುವ ಅವಕಾಶವಿರುವುದಿಲ್ಲ. ಹಳೆಯ ನಲ್ಲಿಗಳಲ್ಲಿ ನೀರನ್ನು ತಡೆಯುತ್ತಿದ್ದದ್ದು ಚಿಲ್ಲರೆ ಕಾಸಿನ ರಬ್ಬರ್ ವಾಶರು. ಈಗಿನ ನಲ್ಲಿಗಳಲ್ಲಿ ಅದರ ಸ್ಥಾನಕ್ಕೆ ಒಂದರ ಮೇಲೊಂದು ಜಾರುವ ಎರಡು ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಬಂದಿದ್ದು, ಕೆಟ್ಟರೆ ಇಡಿಯಾಗಿ ಬದಲಿಸಬೇಕೇ ಹೊರತು ರಿಪೇರಿಗೆ ಬಗ್ಗುವುದಿಲ್ಲ. ಡಬ್ಬಿಯಲ್ಲಿ ಒಂದು ಜನ್ಮಕ್ಕಾಗುವಷ್ಟು ವಾಶರು ಕೂಡಿಟ್ಟಿರುವ ಪಾಲಕರು ಈ ಬದಲಾವಣೆಯನ್ನು ಯುಗಧರ್ಮದ ಅವನತಿಯೆಂದೇ ವ್ಯಾಖ್ಯಾನಿಸುತ್ತಾರೆ.

ಪಾಲಕರ ಅಧಿಕಾರ ಪೂರ್ಣಪ್ರಮಾಣದಲ್ಲಿ ಪ್ರಕಟವಾಗುವುದು ದೀಪದ ವಿಷಯದಲ್ಲಿ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬಾರದೆಂಬ ಯುಕ್ತವಾದ ಕಾರಣಕ್ಕೆ ನಮ್ಮ ಮನೆಗಳಲ್ಲಿ ಬಚ್ಚಲ ಸ್ವಿಚ್ಚುಗಳನ್ನು ಸಾಮಾನ್ಯವಾಗಿ ಬಾಗಿಲ ಹೊರಗೆ ಕೂರಿಸಲಾಗುತ್ತದೆ. ಇದರಿಂದಾಗಿ ಒಳಗಿರುವವರ ಬೆಳಕು ಹೊರಗಿರುವವರ ಕೃಪೆಗೆ ಒಳಪಡುತ್ತದೆ. ಪಡಸಾಲೆಯಿಂದ ಹಿತ್ತಿಲಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಉರಿಯುವ ಸ್ವಿಚ್ಚು ಕಂಡ ಕೂಡಲೇ ಆರಿಸುವುದು ಪಾಲಕರಿಗೆ ಉಸಿರಾಟದಷ್ಟು ಸಹಜ ಕ್ರಿಯೆ. "ಮಾವಾ, ಒಳಗೆ ನಾನಿದ್ದೀನಿ!" ಎಂದು ತಲೆಗೆ ಸೀಗೆಪುಡಿ ಮೆತ್ತಿಕೊಂಡ ಸೊಸೆಯ ದನಿ ಕತ್ತಲಿನಿಂದ ಕೇಳಿದಾಗ, "ಇದ್ದರೆ ಹೇಳಬಾರದೇನಮ್ಮ?" ಎಂಬುದು ಅವರ ಪ್ರಮಾಣಬದ್ಧ ಉತ್ತರ. 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್, ಅಂದರೆ ಒಂದು ಸಾವಿರ ವ್ಯಾಟಿನ ಉಪಕರಣವು ಒಂದು ಗಂಟೆಯಲ್ಲಿ ಬಳಸುವಷ್ಟು ವಿದ್ಯುತ್ತನ್ನು ಕಬಳಿಸಲು 111 ಗಂಟೆ ಉರಿಯಬೇಕು. ಅದೇ ಬಚ್ಚಲಿನ 2,000 ವ್ಯಾಟಿನ ಗೀಸರಿಗೆ ಅಷ್ಟನ್ನು ಮುಗಿಸಲು ಅರ್ಧ ಗಂಟೆ ಸಾಕು. ಆದರೂ ಪಾಲಕರ ಕಣ್ಣು ಬಲ್ಬಿನ ಮೇಲೆಯೇ, ಏಕೆಂದರೆ ಬಲ್ಬು ಉರಿಯುವುದು ಕಾಣುತ್ತದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು ತಿಂಗಳಿಗೆ 200 ಯೂನಿಟ್ ಒಳಗಿನ ಅನೇಕ ಮನೆಗಳ ಬಿಲ್ಲು ಶೂನ್ಯವಾದಾಗ ಈ ಪದ್ಧತಿ ಅಳಿಯಬಹುದೆಂದು ಮನೆಯವರು ಆಸೆಪಟ್ಟಿದ್ದುಂಟು. ಆದರೆ ಪ್ರತಿ ಮನೆಯ ಉಚಿತ ಮಿತಿಯನ್ನು ಅದರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಗೊತ್ತುಮಾಡಲಾಗಿದೆ ಎಂಬುದನ್ನು ಓದಿ ತಿಳಿದ ಪಾಲಕರು, ಆ ಗೆರೆ ಕಾಯುವ ಹೊಸ ಹೊಣೆಯನ್ನೂ ಹೆಗಲಿಗೇರಿಸಿಕೊಂಡರು. ವಿದ್ಯುಚ್ಛಕ್ತಿ ಮಂಡಳಿಯು 1999ರಲ್ಲಿ ನಿಗಮವಾಗಿ, 2002ರಲ್ಲಿ ವಿತರಣೆಯ ಕೆಲಸ ಬೆಸ್ಕಾಂ ಮೊದಲಾದ ಕಂಪನಿಗಳಿಗೆ ಹೋಗಿ ಎರಡು ದಶಕ ಕಳೆದಿದ್ದರೂ, ಅವರ ಬಾಯಲ್ಲಿ ಅದು ಇಂದಿಗೂ ‘ಕೆಇಬಿ ಬಿಲ್ಲು’.

ಬೆಳಕಿನ ವಿಷಯದಲ್ಲಿ ಇಷ್ಟು ಜಾಗರೂಕರಾದವರು ಗಾಳಿಯ ವಿಷಯದಲ್ಲಿ ಉದಾಸೀನರಾಗಿರುವುದಕ್ಕೆ ಒಂದು ಚಾರಿತ್ರಿಕ ಕಾರಣವಿದೆ. ಹಿಂದಿನ ಬಚ್ಚಲುಮನೆಯಲ್ಲಿ ಒಲೆಯ ಮೇಲೆ ತಾಮ್ರದ ಹಂಡೆ ಕೂತಿರುತ್ತಿತ್ತು. ಸೌದೆ, ತೆಂಗಿನ ಗರಿ, ಮಟ್ಟೆ ಉರಿಸಿದರೆ ಏಳುತ್ತಿದ್ದ ಹೊಗೆಗೆ ದಾರಿ ಬಿಡದಿದ್ದರೆ ಒಳಗೆ ನಿಲ್ಲಲಾಗುತ್ತಿರಲಿಲ್ಲವಾದ್ದರಿಂದ, ಗವಾಕ್ಷಿಯೋ ಹಂಚಿನ ಸಂದೋ ಇದ್ದೇ ಇರುತ್ತಿತ್ತು, ಹೊಗೆ ಹೋಗುವ ದಾರಿಯಲ್ಲೇ ಹಬೆಯೂ ಹೋಗುತ್ತಿತ್ತು. ಗೀಸರು ಬಂದು ಹೊಗೆ ಹೋಯಿತು. ಕಣ್ಣುರಿಸುತ್ತಿದ್ದದ್ದು ಇಲ್ಲವಾದ ಮೇಲೆ ಕಿಂಡಿಯ ಅಗತ್ಯವೂ ಮರೆತುಹೋಯಿತು. ಹಂಡೆಯ ಕಾಲದಿಂದ ಪಾಲಕರಿಗೆ ಉಳಿದು ಬಂದಿರುವುದು ನರಕ ಚತುರ್ದಶಿಯ ಹಿಂದಿನ ಸಂಜೆಯ ನೀರು ತುಂಬುವ ಹಬ್ಬವೊಂದೇ. ಬಚ್ಚಲನ್ನು ತೊಳೆದು, ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಸಿಂಗರಿಸಿ, ಪೂಜಿಸಿ, ಮರುದಿನದ ಎಣ್ಣೆಸ್ನಾನಕ್ಕೆ ನೀರು ತುಂಬಿಸುವ ಈ ಆಚರಣೆಯಂದು, ಹಂಡೆಯಿಲ್ಲದ ಮನೆಯಲ್ಲಿ ಅವರು ಸ್ವತಃ ಗೀಸರಿಗೆ ಕುಂಕುಮವಿಟ್ಟು, ಅದರ ಹೊರಮೈಯನ್ನು ಒರೆಸಿ ಹೊಳಪು ಬರಿಸುತ್ತಾರೆ. ವರ್ಷದಲ್ಲಿ ಆ ಒಂದು ಸಂಜೆ ಅವರ ಹುದ್ದೆಗೆ ಶಾಸ್ತ್ರದ ಮನ್ನಣೆಯೂ ಮನೆಯವರ ಮನ್ನಣೆಯೂ ಒಟ್ಟಿಗೆ ದೊರೆಯುತ್ತವೆ.

ಉಳಿದ ದಿನಗಳಲ್ಲಿ ಹಬೆ ಹೊರಗೆ ಹೋಗಲು ಇರುವುದು ವೆಂಟಿಲೇಟರಿನ ಗಾಜಿನ ಪಟ್ಟಿಗಳು ಮತ್ತು ಎಕ್ಸಾಸ್ಟ್ ಫ್ಯಾನು. ಪಟ್ಟಿಗಳಲ್ಲಿ ಒಂದು ಒಡೆದಾಗ ಅಲ್ಲಿಗೆ ರಟ್ಟು ಸೇರಿಸಿ, ಪಾರಿವಾಳ ಬರುತ್ತದೆಂದು ಬಲೆ ಬಿಗಿದು, ಧನುರ್ಮಾಸದ ಚಳಿಗೆ ಉಳಿದ ಸಂದುಗಳಿಗೆ ವೃತ್ತಪತ್ರಿಕೆ ತುರುಕಿ ಪಾಲಕರು ಮೊದಲನೆಯ ದಾರಿಯನ್ನು ಭದ್ರಪಡಿಸಿರುತ್ತಾರೆ. ಎರಡನೆಯದನ್ನು ಮಗನ ಒತ್ತಾಯಕ್ಕೆ ಹಾಕಿಸಿದ್ದರೂ, ಸ್ನಾನ ಮುಗಿದ ಕ್ಷಣವೇ ಆರಿಸುತ್ತಾರೆ. ವಾಸ್ತವವಾಗಿ ಫ್ಯಾನಿನ ಕೆಲಸ ಶುರುವಾಗುವುದೇ ಆಗ. ಗೋಡೆ, ಟವೆಲು, ನೆಲಗಳಲ್ಲಿ ಉಳಿದ ತೇವವನ್ನು ಹೊರಗೆಳೆಯಲು ಅದು ಇನ್ನೂ 20 ನಿಮಿಷ ತಿರುಗಬೇಕು. 30 ವ್ಯಾಟಿನ ಫ್ಯಾನು ಹಾಗೆ ದಿನವೂ ತಿರುಗಿದರೆ ಒಂದು ಯೂನಿಟ್ ಮುಗಿಯಲು 100 ದಿನ ಬೇಕು. ಹೊರಗೆ ಹೋಗುವ ಗಾಳಿಯ ಜಾಗಕ್ಕೆ ಒಳಗೆ ಬರುವ ಗಾಳಿಯೂ ಬೇಕಾದ್ದರಿಂದ ಬಾಗಿಲಿನ ಅಡಿಯಲ್ಲಿ ಸಂದಿರಬೇಕು. ಜಿರಲೆಗೆ ಹೆದರಿ ಆ ಸಂದಿಗೂ ರಬ್ಬರ್ ಪಟ್ಟಿ ಬಡಿದಿರುವಲ್ಲಿ ಫ್ಯಾನು ಸದ್ದು ಮಾಡುತ್ತದೆಯೇ ವಿನಾ ಗಾಳಿಯನ್ನು ಸಾಗಿಸುವುದಿಲ್ಲ. ಜಿರಲೆಯಾದರೋ ಬರುವುದು ಬೇರೆ ಮಾರ್ಗದಿಂದ: ನೆಲದ ನೀರು ಹರಿದುಹೋಗುವ ನಹಾನಿ ಟ್ರ್ಯಾಪಿನ ಬಾಗಿದ ಭಾಗದಲ್ಲಿ ಸದಾ ನಿಂತಿರುವ ಒಂದಿಷ್ಟು ನೀರೇ ಚರಂಡಿಯ ವಾಸನೆಯನ್ನೂ ಹುಳುಗಳನ್ನೂ ತಡೆಯುವ ಮುದ್ರೆಯಾಗಿದ್ದು, ಬಳಸದ ಬಚ್ಚಲಿನಲ್ಲಿ ಅದು ಆರಿಹೋದರೆ ಒಂದು ಚೊಂಬು ನೀರು ಹಾಕಿದರೆ ಸಾಕು.

ಗಾಳಿಯಾಡದ ಗೋಡೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಅದು ಕಣ್ಣಿಗೆ ಕಾಣುವುದರಿಂದ ಪಾಲಕರು ಕೂಡಲೇ ಸಮರ ಸಾರುತ್ತಾರೆ. ಅಂಗಡಿಯ ಆ್ಯಸಿಡ್ ಬಾಟಲಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಿಳಿ ಸಿಮೆಂಟಿನ ಪೊಟ್ಟಣದೊಂದಿಗೆ ಅವರು ಒಳಹೊಕ್ಕರೆ ಆ ದಿನ ಮನೆಯಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ಸ್ನಾನವಿಲ್ಲ. ಆ್ಯಸಿಡ್ ಕಲೆಯೊಂದಿಗೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಸವೆದ ಸಂದಿನಲ್ಲಿ ಮತ್ತಷ್ಟು ನೀರು ನಿಂತು ಮತ್ತಷ್ಟು ಬೂಷ್ಟು ಬೆಳೆಯುತ್ತದೆ. ಹೀಗೆ ಈ ಸೇವೆಯಲ್ಲಿ ನಿವೃತ್ತಿಯ ಭಯವಿಲ್ಲ. ಶುದ್ಧಿ ಇಮ್ಮಡಿಯಾಗಲೆಂದು ಆ್ಯಸಿಡ್‌ಗೆ ಬ್ಲೀಚಿಂಗ್ ಪೌಡರ್ ಬೆರೆಸಿದರೆ ಹುಟ್ಟುವುದು ಗಂಟಲನ್ನೂ ಶ್ವಾಸಕೋಶವನ್ನೂ ಸುಡುವ ಕ್ಲೋರಿನ್ ಅನಿಲ. "ರೀ, ಬಾಗಿಲಾದ್ರೂ ತೆಗೆದಿಟ್ಕೊಂಡು ಮಾಡಿ" ಎಂಬ ಗೃಹಿಣಿಯ ಮಾತಿನಲ್ಲಿ ಪಾಲಕರ ಇಡೀ ಡಬ್ಬಿಗಿಂತ ಹೆಚ್ಚಿನ ವಿಜ್ಞಾನವಿದೆ.

ವಿದ್ಯುತ್ತಿನ ಅಧ್ಯಾಯದಲ್ಲಿ ಪಾಲಕರ ಆತ್ಮವಿಶ್ವಾಸಕ್ಕೆ ಆಧಾರ ಜೇಬಿನಲ್ಲಿ ಸಿಕ್ಕಿಸಿದ ಟೆಸ್ಟರು. ಫೇಸ್ ತಂತಿಯಿಂದ ಅತ್ಯಲ್ಪ ಪ್ರಮಾಣದ ವಿದ್ಯುತ್ತು ಟೆಸ್ಟರಿನ ರೋಧಕ ಮತ್ತು ಹಿಡಿದವರ ಮೈಯ ಮೂಲಕ ನೆಲಕ್ಕೆ ಹರಿದು ಒಳಗಿನ ಪುಟ್ಟ ದೀಪ ಮಿನುಗುತ್ತದೆ. ಅದು ಮಿನುಗಿದರೆ ಎಲ್ಲವೂ ಕ್ಷೇಮವೆಂದು ಅವರ ತೀರ್ಪು. ಗೀಸರಿನ ಲೋಹದ ಮೈಗೆ ವಿದ್ಯುತ್ತು ಸೋರಿದರೆ ಅದನ್ನು ಭೂಮಿಗೆ ಒಯ್ಯಬೇಕಾದ ಅರ್ಥಿಂಗ್ ತಂತಿ, ಅಂದರೆ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಉಳಿದೆರಡಕ್ಕಿಂತ ದಪ್ಪವೂ ಉದ್ದವೂ ಆದ ಮೇಲಿನ ಪಿನ್ನಿಗೆ ಸೇರಿದ ತಂತಿ, ನಿಜಕ್ಕೂ ಭೂಮಿಯನ್ನು ಮುಟ್ಟಿದೆಯೋ ಇಲ್ಲವೋ ಎಂಬುದನ್ನು ಆ ಮಿನುಗು ಹೇಳುವುದಿಲ್ಲ. ಗಡಸು ಬೋರ್‌ವೆಲ್ ನೀರಿನಲ್ಲಿ ಗೀಸರಿನ ಕಾಯಿಲಿನ ಮೇಲೆ ಸುಣ್ಣದ ಹೆಕ್ಕಳೆ ಕಟ್ಟಿ, ಅದರ ಹೊದಿಕೆ ಬಿರುಕುಬಿಡುವುದೂ, ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನೇ ಮೊದಲು ಕರಗಲೆಂದು ಇಟ್ಟಿರುವ ಮೆಗ್ನೀಸಿಯಂ ಸರಳು ವರ್ಷಗಳಲ್ಲಿ ಸವೆದುಹೋಗುವುದೂ ಒಳಗೆ ನಡೆಯುವ ವ್ಯಾಪಾರ. ಪಾಲಕರು ಒರೆಸುವುದು ಹೊರಮೈಯನ್ನು.

ಹೀಗೆ ಸೋರುವ ವಿದ್ಯುತ್ತನ್ನು ಪತ್ತೆಹಚ್ಚಲೆಂದೇ ಇರುವ ಉಪಕರಣ ಆರ್‌ಸಿಸಿಬಿ. ಎಲೆಕ್ಟ್ರಿಷಿಯನ್ನರು ರೂಢಿಯಿಂದ ಇದನ್ನು ಇಎಲ್‌ಸಿಬಿ ಎನ್ನುತ್ತಾರೆ. ಹೋದ ವಿದ್ಯುತ್ತಿಗೂ ಹಿಂದಿರುಗಿದ ವಿದ್ಯುತ್ತಿಗೂ ಇರುವ ವ್ಯತ್ಯಾಸವನ್ನು ಸದಾ ತೂಗಿನೋಡುತ್ತ, ಅದು 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಕ್ಷಣಮಾತ್ರದಲ್ಲಿ ಸಂಪರ್ಕ ಕಡಿಯುವುದು ಇದರ ಕಾಯಕ. ಪಕ್ಕದಲ್ಲೇ ಇರುವ ಎಂಸಿಬಿ ಕಾಪಾಡುವುದು ತಂತಿಯನ್ನು. 20 ಆಂಪಿಯರಿನ ಎಂಸಿಬಿ ಮನುಷ್ಯನ ಪ್ರಾಣ ತೆಗೆಯಬಲ್ಲ ಸೋರಿಕೆಯನ್ನು ಗಮನಿಸುವುದೂ ಇಲ್ಲ. ಗೀಸರು ಹಾಕಿದಾಗಲೆಲ್ಲ ಇಎಲ್‌ಸಿಬಿ ಬೀಳತೊಡಗಿದರೆ ಗೀಸರನ್ನು ಬಿಚ್ಚಿಸಿ ನೋಡಬೇಕು. ಆದರೆ ಪಾಲಕರ ನ್ಯಾಯಾಲಯದಲ್ಲಿ ಸೋರಿದ್ದು ಕಾಣದು, ಬಿದ್ದದ್ದು ಕಾಣುತ್ತದೆ, ಆದ್ದರಿಂದ "ಇದು ಸುಮ್‌ಸುಮ್ನೆ ಬೀಳುತ್ತೆ ಸರ್, ಡೈರೆಕ್ಟ್ ಕೊಟ್ಬಿಡ್ಲಾ?" ಎನ್ನುವ ಅವಸರದ ಎಲೆಕ್ಟ್ರಿಷಿಯನ್ನನಿಗೆ ಅವರು ಸಂತೋಷದಿಂದ ಸಮ್ಮತಿಸಿ, ಕರ್ತವ್ಯ ನಿಭಾಯಿಸಿದ ಅಪರಾಧಕ್ಕಾಗಿ ಕಾವಲುಗಾರನನ್ನೇ ಅಮಾನತಿನಲ್ಲಿಡುತ್ತಾರೆ. ಅಂದಿನಿಂದ ಗೀಸರು ಎಡೆಬಿಡದೆ ಉರಿಯುತ್ತದೆ, ಪಾಲಕರು ರಿಪೇರಿಯ ಯಶಸ್ಸನ್ನು ಪಕ್ಕದ ಮನೆಯವರಿಗೂ ವರ್ಣಿಸುತ್ತಾರೆ.

ಮಿತವ್ಯಯದ ಪರಾಕಾಷ್ಠೆ ಗ್ಯಾಸ್ ಗೀಸರು. ಸಿಲಿಂಡರಿನ ಅನಿಲ ಉರಿಸಿ ನೀರು ಕಾಯಿಸುವ ಈ ಉಪಕರಣಕ್ಕೆ ಧಾರಾಳ ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಸಾಲದೆ ಹೋದಾಗ ಅನಿಲ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲವು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುವುದರಿಂದ, ಸ್ನಾನಕ್ಕೆ ಹೋದವರು ತಲೆ ಸುತ್ತಿ ಬಿದ್ದು ಎದ್ದುಬಾರದ ಸುದ್ದಿಗಳು ಬೆಂಗಳೂರಿನಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಗೀಸರನ್ನು ಬಚ್ಚಲ ಹೊರಗೆ, ಗಾಳಿಯಾಡುವೆಡೆ ಕೂರಿಸಿ ಪೈಪಿನಲ್ಲಿ ನೀರು ತಂದರೆ ಈ ಅಪಾಯದಿಂದ ಪಾರಾಗಬಹುದು. ಆದರೆ ಹೊರಗಿಟ್ಟರೆ ಪೈಪಿನಲ್ಲಿ ಒಂದು ಚೊಂಬು ನೀರು ತಣ್ಣಗಾಗಿ ಪೋಲಾಗುತ್ತದೆಂಬುದು ಪಾಲಕರ ಆಕ್ಷೇಪ. ಪೋಲಾಗುವ ನೀರು ಕಾಣುತ್ತದೆ, ಅನಿಲ ಕಾಣುವುದಿಲ್ಲ.

ಒಟ್ಟಿನಲ್ಲಿ ಹನಿ, ಕಲೆ, ಬೆಳಕು ಎಂಬ ಕಣ್ಣಿಗೆ ಬೀಳುವ ಮೂರು ಶತ್ರುಗಳ ಮೇಲೆ ಪಾಲಕರ ವಿಜಯ ನಿರ್ವಿವಾದ. ಅವುಗಳಿಂದ ಈವರೆಗೆ ಯಾರ ಪ್ರಾಣಕ್ಕೂ ಸಂಚಕಾರ ಬಂದಿಲ್ಲವೆಂಬುದೂ ಅಷ್ಟೇ ನಿರ್ವಿವಾದ. ಮನೆಯಲ್ಲಿ ಇಂಥವರಿರುವ ಓದುಗರು ಅವರ ಶಿಸ್ತನ್ನು ಹಂಗಿಸುವ ಬದಲು ಅದರ ವ್ಯಾಪ್ತಿಯನ್ನು ವಿಸ್ತರಿಸುವುದು ಲೇಸು: ಅರ್ಥಿಂಗನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಡುವ ದಾಖಲೆ, ಸ್ನಾನದ ನಂತರ ಫ್ಯಾನು ತಿರುಗಿದ ವೇಳೆಯ ದಾಖಲೆ, ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಬೀಳುತ್ತದೆಯೇ ಎಂದು ನೋಡಿದ ದಾಖಲೆ, ಇವಿಷ್ಟಕ್ಕೆ ಒಂದು ರಿಜಿಸ್ಟರು ತೆರೆದು ಕೊಟ್ಟರೆ ಅವರು ಅದನ್ನು ಆಜೀವ ಪರ್ಯಂತ ತಪ್ಪದೆ ತುಂಬುತ್ತಾರೆ. ಟೆಸ್ಟ್ ಗುಂಡಿ ಒತ್ತುವುದಕ್ಕೆ ಕಾಸಿನ ಖರ್ಚೂ ಇಲ್ಲವೆಂಬ ಒಂದು ಸಂಗತಿಯೇ ಅವರ ಮನವೊಲಿಸಲು ಸಾಕು.