ಮೊಣಕಾಲಿನ ಮಾಲೀಕ

ಸಂಜೆ ಗದಗ-ಬೆಟಗೇರಿಯ ಯಾವ ಮೈದಾನಕ್ಕಾದರೂ ಹೋಗಿ ನೋಡಿ. ಹುಡುಗರೆಲ್ಲ ಚೆಂಡಿನ ಹಿಂದೆ ಬಿದ್ದಿರುತ್ತಾರೆ. ಒಬ್ಬ ಮಾತ್ರ ಗೆರೆಯಾಚೆ ಕೂತು ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತುತ್ತಿರುತ್ತಾನೆ. ಅವನೇ ನಮ್ಮ ಸ್ಟ್ರೈಕರ್. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲೂ ಊರಿಗೊಬ್ಬ ಇದ್ದಾನೆ. ಬ್ಯಾಂಡೇಜು ಎಡಗಾಲಿಗೋ ಬಲಗಾಲಿಗೋ, ವ್ಯತ್ಯಾಸ ಅಷ್ಟೇ.

"ಯಾಕಲೇ, ಇವತ್ತೂ ಆಡಾಂಗಿಲ್ಲೇನು?" ಎಂದರೆ, "ಮುಂದಿನ ವಾರ ಟ್ರಯಲ್ಸ್ ಐತ್ರೀ ಅಣ್ಣಾ, ಕಾಲು ಜ್ವಾಕಿ ಮಾಡಾಕತ್ತೀನಿ" ಎನ್ನುತ್ತಾನೆ. ಟ್ರಯಲ್ಸ್ ದಿನ ಕೇಳಿದರೆ, "ಐತವಾರ ಮ್ಯಾಚ್ ಐತ್ರೀ, ಇಲ್ಲೇ ಕಾಲು ಹೋದ್ರ?"

ಅವನ ಅಂಜಿಕೆ ಪೂರ್ತಿ ಸುಳ್ಳಲ್ಲ. ಬೇಸಿಗೆಯಲ್ಲಿ ಎರೆನೆಲ ಬಿರುಕು ಬಿಟ್ಟಾಗ ಬೂಟಿನ ಸ್ಟಡ್ ಸಿಕ್ಕಿಕೊಂಡು ಪಾದ ಅಲ್ಲೇ ಉಳಿಯುತ್ತದೆ, ಮೈ ತಿರುಗುತ್ತದೆ. ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿಯುವುದೇ ಹೀಗೆ. ಆಪರೇಷನ್ ಆದರೆ ಮತ್ತೆ ಮ್ಯಾಚ್ ಆಡಲು ಸುಮಾರು 9 ತಿಂಗಳು. "ಒಂಬತ್ತು ತಿಂಗಳಿಗೆ ಮಂದಿ ಮನ್ಯಾಗ ಕೂಸು ಬರ್ತದ, ನಿನಗೇನು ಬರ್ತದಲೇ?" ಎಂದು ಕಾಕಾ ಕೇಳಿದ್ದುಂಟು.

ಬರಬೇಕಾದದ್ದು ರೈಲ್ವೆ ನೌಕರಿ. ಕ್ರೀಡಾ ಕೋಟಾಕ್ಕೆ ವಯಸ್ಸಿನ ಮಿತಿ 25; ಇವನಿಗೆ 24 ದಾಟಿದೆ. "ನಮ್ಮೂರ ಸುನೀಲ ಜೋಶಿ ನಸುಕಿನ್ಯಾಗ ಎದ್ದು ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಹೋಗ್ತಿದ್ದ. 1999ರಾಗ ನೈರೋಬಿಯೊಳಗ 6 ರನ್ನಿಗೆ 5 ವಿಕೆಟ್ ತಗದ" ಎಂದು ಅಪ್ಪ ಶುರುಮಾಡಿದರೆ, "ಅದು ಕ್ರಿಕೆಟ್ ಅಪ್ಪಾ, ಅಲ್ಲಿ ಯಾರೂ ಕಾಲಿಗೆ ಒದಿಯಾಂಗಿಲ್ಲ" ಎಂದು ಬಾಯಿ ಮುಚ್ಚಿಸುತ್ತಾನೆ.

2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಫುಟ್‌ಬಾಲಿನ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಆ ರಾತ್ರಿ ಇವನ ಕಾಲು ಸಂಪೂರ್ಣ ಗುಣವಾಗಿತ್ತು. ಓಣಿತುಂಬ ಕುಣಿದ. ಬೆಳಗ್ಗೆ ಕೋಚ್ ಫೋನ್ ಮಾಡುವಷ್ಟರಲ್ಲಿ ಮತ್ತೆ ಊದಿತ್ತು.

ಮುಂಡರಗಿಯ ಅತ್ತಿ ಕಪ್ಪತಗುಡ್ಡದ ಬೇರು ತರಿಸಿ ಅರೆದು ಹಚ್ಚಿದರು. ಕೊನೆಗೆ ಸಾಲ ಮಾಡಿ ಎಂಆರ್‌ಐ ಆಯಿತು. ಏನೂ ಇಲ್ಲವೆಂದು ಬಂತು. ಅವ್ವ ದೇವರಿಗೆ ಕಾಯಿ ಒಡೆಸಿದಳು. ಇವನು ಎರಡು ದಿನ ಉಣ್ಣಲಿಲ್ಲ. ಪಾಪ, ಕಾಲು ನೆಟ್ಟಗಿದ್ದರೆ ಆಡಬೇಕು, ಆಡಿದರೆ ಎಷ್ಟು ಆಡುತ್ತಾನೆಂಬುದು ಊರಿಗೇ ಗೊತ್ತಾಗಿಬಿಡುತ್ತದೆ. ನೋಯುವ ಕಾಲಿನವನನ್ನು ಯಾವ ಸೆಲೆಕ್ಟರ್ ತಾನೇ ಫೇಲ್ ಮಾಡಿಯಾನು?

ಆದರೂ ಒಂದು ಮಾತು. ಆಡುವಾಗ ನಿಮ್ಮ ಕಾಲು ಉಳುಕಿದರೆ ಅವನನ್ನೇ ಕೂಗಿ. ಐಸ್, ಸ್ಪ್ರೇ, ಟೇಪು ಎಲ್ಲ ಅವನ ಬ್ಯಾಗಿನಲ್ಲಿರುತ್ತದೆ, ಮೊಣಕಾಲಿನ ವಿಷಯದಲ್ಲಿ ಅವನಷ್ಟು ತಿಳಿದವರು ಈ ನಾಲ್ಕೂ ಊರಲ್ಲಿ ಇಲ್ಲ, ಮತ್ತು ಕೂಗಿದರೆ ಓಡೋಡಿ ಬರುತ್ತಾನೆ.