ಎರಡು ಎಚ್‌ಪಿ ಮರ್ಯಾದೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಗಂಡಿನ ಮನೆ ನೋಡಲು ಬಂದವರು ಹುಡುಗನ ಮುಖಕ್ಕಿಂತ ಮೊದಲು ಅಟ್ಟ ನೋಡುತ್ತಾರೆ. ಅಟ್ಟದ ತುಂಬ ಕಾಯಿ ಇದ್ದರೆ ಹುಡುಗ ತುಸು ಪೆದ್ದನಾದರೂ ನಡೆಯುತ್ತದೆ. ನನ್ನ ಮದುವೆ ಕುದುರಿದ್ದೂ ಹಾಗೇ ಎಂದು ನನ್ನಾಕೆ ಇವತ್ತಿಗೂ ಹೇಳುತ್ತಾಳೆ. ಅಟ್ಟದ ಬಗ್ಗೆ ಅವಳಿಗೆ ಈಗಲೂ ದೂರಿಲ್ಲ.

ಹೊರಗಿನವರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮದು ಉಂಡೆ ಕೊಬ್ಬರಿ. ಎಣ್ಣೆಗೆ ಹೋಗುವ ಹೋಳಲ್ಲ. ಉತ್ತರ ಭಾರತದ ಮದುವೆಮನೆಗೆ, ಹಬ್ಬಕ್ಕೆ, ಪೂಜೆಗೆ ಇಡಿಯಾಗಿ ಹೋಗುವ ಮಾಲು. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದಿಂದ ತಾನಾಗಿ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಆಮೇಲೆ ಮಟ್ಟೆ ಸುಲಿದು, ಕರಟ ಬಿಡಿಸಿ, ಒಳಗಿನ ಇಡೀ ಉಂಡೆ, ಅಂದರೆ ಗಿಟುಕು, ಎಲ್ಲೂ ಬಿರಿಯದಂತೆ ತೆಗೆಯಬೇಕು. ಗಿಟುಕು ಒಡೆದರೆ ದರವೂ ಒಡೆಯಿತು. 2025ರ ಬೆಂಬಲ ಬೆಲೆಯಲ್ಲೇ ಉಂಡೆಗೆ ಕ್ವಿಂಟಾಲಿಗೆ 12,100 ರೂಪಾಯಿ, ಎಣ್ಣೆ ಕೊಬ್ಬರಿಗೆ 11,582. ಸರ್ಕಾರದ ಲೆಕ್ಕದ ಈ 518 ರೂಪಾಯಿ ಅಂತರ ಹರಾಜಿನ ದಿನ ಎಷ್ಟಕ್ಕೆ ಹಿಗ್ಗುತ್ತದೆ ಅನ್ನುವುದನ್ನು ಒಡಕು ಮಾಲು ತೆಗೆದುಕೊಂಡು ಹೋದವರನ್ನು ಕೇಳಬೇಕು.

2024ರ ಶುರುವಿನಲ್ಲಿ ಬೆಂಬಲ ಬೆಲೆಗೆ ಕೊಬ್ಬರಿ ಮಾರಲು ನಫೆಡ್ ನೋಂದಣಿ ಕೇಂದ್ರದ ಮುಂದೆ ರಾತ್ರಿಯೆಲ್ಲ ಸಾಲು ಹಿಡಿದು ಕೂತಿದ್ದ ಜನ ನಾವು. ಮರುವರ್ಷ ಅದೇ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಾಲಿಗೆ 20 ಸಾವಿರ ದಾಟಿತು. ರೈತ ಕೆಟ್ಟ ಕಾಲದಲ್ಲಿ ಸಾಲ ಮಾಡುತ್ತಾನೆ, ಒಳ್ಳೇ ಕಾಲದಲ್ಲಿ ಪ್ರಯೋಗ ಮಾಡುತ್ತಾನೆ. ನನ್ನ ಕೈಗೆ ನಾಲ್ಕು ಕಾಸು ಬಂದದ್ದೇ ತಡ, ಕಾಯಿ ಸುಲಿಯುವುದನ್ನು ಯಂತ್ರಕ್ಕೆ ಒಪ್ಪಿಸಬೇಕು ಎಂಬ ಹುಳ ತಲೆ ಹೊಕ್ಕಿತು.

ಹುಳ ಹೊಕ್ಕಿದ್ದಕ್ಕೆ ಕಾರಣವೂ ಇತ್ತು. ಸುಲಿಯುವವರು ಸಿಗುವುದಿಲ್ಲ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಮೈಭಾರ ಬಿಟ್ಟು, ಮುರಿದು ತಿರುಗಿಸುವ ಕೆಲಸಕ್ಕೆ ಈಗಿನ ಹುಡುಗರು ಬರುವುದಿಲ್ಲ. ನಾನು ಹುಡುಗನಾಗಿದ್ದಾಗಲೂ ಹೋಗಿರಲಿಲ್ಲ. ನಮಗೆ ಇರುವುದು ಒಬ್ಬ ತಾತ. ಅವರು ಬರುವ ದಿನವನ್ನು ಅವರೇ ಹೇಳಬೇಕು. ಬಂದ ಮೇಲೆ ಕಾಫಿ, ತಿಂಡಿ, ಎಲೆಅಡಿಕೆ, ಊಟ, ಸಾವಿರಕ್ಕೆ ಇಷ್ಟು ಎಂದು ಕೂಲಿ, ಜೊತೆಗೆ ನನ್ನ ತೋಟದ ಬಗ್ಗೆ ಅವರ ಅಭಿಪ್ರಾಯ. ಕೂಲಿ ಕೊಡಬಹುದು ಸ್ವಾಮಿ, ಅಭಿಪ್ರಾಯ ತಡೆದುಕೊಳ್ಳುವುದು ಕಷ್ಟ.

ಕೇರಳ ಕೃಷಿ ವಿಶ್ವವಿದ್ಯಾಲಯದವರು ‘ಕೇರಮಿತ್ರ’ ಎಂಬ ಕೈಯಂತ್ರ ಮಾಡಿದ್ದಾರೆ. ಎರಡು ಉಕ್ಕಿನ ಮೊನೆ ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಕಾಯಿಯನ್ನು ಮೇಲಿಂದ ಚುಚ್ಚಿ ಹಿಡಿ ಎಳೆದರೆ ಒಂದು ಮೊನೆ ಆಚೆ ಸರಿದು ಮಟ್ಟೆ ಸೀಳುತ್ತದೆ. ಕಾಯಿ ತಿರುಗಿಸಿ ಮೂರು ನಾಲ್ಕು ಸಲ ಎಳೆದರೆ ಮುಗಿಯಿತು. ಅದೇ ಜಾತಿಯದೊಂದನ್ನು ಸ್ಥಳೀಯ ಲೇತಿನಲ್ಲಿ ದೊಡ್ಡದಾಗಿ ಮಾಡಿಸಿದೆ. ಸಾರಿಗೆ ಬೇಕಾದ ಹಸಿ ಕಾಯಿಯನ್ನು ನನ್ನಾಕೆ ಅದರಲ್ಲಿ ಆರಾಮಾಗಿ ಸುಲಿಯುತ್ತಿದ್ದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನವಿರುತ್ತಿರಲಿಲ್ಲ. ಹಿಡಿಯನ್ನು ಮನುಷ್ಯ ಯಾಕೆ ಎಳೆಯಬೇಕು, ಮೋಟಾರು ಎಳೆಯಲಿ ಎಂದೆ.

ಅಂದದ್ದು ಟೀ ಅಂಗಡಿಯಲ್ಲಿ. ಅದು ಮೊದಲ ತಪ್ಪು. ಟ್ರ್ಯಾಕ್ಟರ್ ಇದ್ದವರು ಅದರ ಹಿಂದೆ ತಿರುಗುವ ಪಿಟಿಒ ದಂಡಕ್ಕೆ ಕಟ್ಟಿ ಅಂದರು. ಅದು ನಿಮಿಷಕ್ಕೆ 540 ಸುತ್ತು, ನನಗೆ ಬೇಕಾದದ್ದು ಹನ್ನೆರಡು ಎಳೆತ. ಹಿತ್ತಲಲ್ಲಿ ಡೀಸೆಲ್ ಎಂಜಿನ್ ತುಕ್ಕು ಹಿಡಿಸಿಕೊಂಡವರು ಎಂಜಿನ್ನೇ ಸರಿ, ಬೇಕಾದರೆ ನಮ್ಮದನ್ನೇ ಒಯ್ಯಿರಿ ಎಂದರು. ಪಂಪಿನ ಲೈನಿಗೇ ಕೊಡೋಣವೇ ಎಂದು ಲೈನ್‌ಮನ್‌ನನ್ನು ಕೇಳಿದೆ. ‘ಪಂಪ್‌ಸೆಟ್ಟಿಗೆ 10 ಎಚ್‌ಪಿ ತನಕ ಕರೆಂಟು ಪುಕ್ಕಟೆ ಸಾರ್. ನೀರು ಎತ್ತೋಕೆ. ಕಾಯಿ ಸುಲಿಯೋಕೆ ಅಲ್ಲ’ ಅಂದ. ಮೇಲಾಗಿ ತೋಟಕ್ಕೆ ಬರುವ ಆ 7 ಗಂಟೆ ತ್ರೀ ಫೇಸಿನಲ್ಲಿ ಒಂದಷ್ಟು ಹೊತ್ತು ನಡುರಾತ್ರಿಯ ಪಾಲು. ರಾತ್ರಿ ಎರಡಕ್ಕೆ ಎದ್ದು ಕಾಯಿ ಸುಲಿಯುವವನನ್ನು ಊರು ಕಳ್ಳನೆಂದೇ ಹಿಡಿಯುತ್ತದೆ, ಕಾಯಿ ಅವನದೇ ಆದರೂ. ಹಾಗಾಗಿ ಮನೆಯ ಸಿಂಗಲ್ ಫೇಸ್ ಮೋಟಾರೇ ಗತಿ ಎಂದಾಯಿತು.

ಇಷ್ಟರಲ್ಲಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಒಂದು ವಿಡಿಯೋ ಕಳಿಸಿದ. ಅಮೆರಿಕದಲ್ಲಿ ಯಾರೋ ತನ್ನ ಕಾರಿನ ಶೆಡ್ಡಿನಲ್ಲಿ ಕೂತು ಬಂದೂಕಿನ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುತ್ತಿದ್ದ. ಅದಕ್ಕೂ ಒಂದು ಕೈ ಪ್ರೆಸ್. ಹಿಡಿ ಒಂದು ಸಲ ಕೆಳಗೆ ಬಂದರೆ ಒಂದು ಕಡೆ ಕೇಪು ಕೂರುತ್ತದೆ, ಇನ್ನೊಂದು ಕಡೆ ಮದ್ದು ಬೀಳುತ್ತದೆ, ಮತ್ತೊಂದು ಕಡೆ ಗುಂಡು ಒತ್ತಿಕೊಳ್ಳುತ್ತದೆ. ಆತ ಹಿಡಿ ಬಿಚ್ಚಿಹಾಕಿ ಆ ಜಾಗಕ್ಕೆ ಮೋಟಾರು, ಗೇರ್ ಬಾಕ್ಸು ಕೂರಿಸಿ ತಾನು ಕಾಫಿ ಕುಡಿಯುತ್ತ ನಿಂತಿದ್ದ. ‘ಯಂತ್ರ ಯಾವುದಾದ್ರೇನು ಮಾಮ, ಹಿಡಿ ಮೇಲೆ ಕೆಳಗೆ ಆಡೋದು ತಾನೆ?’ ಅಂದ ಹುಡುಗ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಕಾಯಿ ಸುಲಿಯಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ ಎಂಬುದೇ ನನಗೆ ದೊಡ್ಡ ಪ್ರೋತ್ಸಾಹವಾಯಿತು. ನಾನು ದಿನಾ ಸಂಜೆ ಫೋನಿನಲ್ಲಿ ಮದ್ದುಗುಂಡು ನೋಡುವುದನ್ನು ಕಂಡ ನನ್ನಾಕೆ ಮಾತ್ರ ಬೇರೆಯೇ ಅರ್ಥ ಮಾಡಿಕೊಂಡಳು. ‘ಏನ್ರೀ, ಬದು ಜಗಳ ಅಲ್ಲೀತನಕ ಬಂತಾ?’

ಈಗ ಎಷ್ಟು ಎಚ್‌ಪಿ ಎಂಬ ಪ್ರಶ್ನೆ. ಅಕ್ಕನ ಮಗ ಲೆಕ್ಕ ಹಾಕಿ ಅರ್ಧ ಎಚ್‌ಪಿ ಧಾರಾಳ ಎಂದ. ದಿನವಿಡೀ ದುಡಿಯುವ ಮನುಷ್ಯ ಕೊಡುವ ಶಕ್ತಿ ಸುಮಾರು 75 ವ್ಯಾಟ್, ಒಂದು ಎಚ್‌ಪಿ ಅಂದರೆ 746 ವ್ಯಾಟ್. ಅರ್ಧ ಎಚ್‌ಪಿಯಲ್ಲೇ ಐದು ಜನ ಆಳು ಇದ್ದಾರೆ ಮಾಮ ಎಂದು ವಿವರಿಸಿದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಮ್ಮ ಸೀಮೆಯಲ್ಲಿ ಎಚ್‌ಪಿ ಅನ್ನುವುದು ಶಕ್ತಿಯ ಅಳತೆಯಲ್ಲ, ಮರ್ಯಾದೆಯದು. ಇಲ್ಲಿ ಒಬ್ಬೊಬ್ಬರು ಸಾವಿರ ಅಡಿ ಬೋರು ಕೊರೆಸಿ ಹತ್ತು, ಹನ್ನೆರಡೂವರೆ ಎಚ್‌ಪಿ ಇಳಿಸಿದ್ದಾರೆ; ನೀರು ಬರುತ್ತದೋ ಇಲ್ಲವೋ ಬೇರೆ ಮಾತು. ನಾನು ಅಂಗಡಿಯಲ್ಲಿ ಅರ್ಧ ಎಚ್‌ಪಿ ಎಂದು ಬಾಯಿಬಿಟ್ಟೆ. ಪಕ್ಕದಲ್ಲಿ ಸ್ಟಾರ್ಟರ್ ಕೊಳ್ಳುತ್ತಿದ್ದವರು ಕನಿಕರದಿಂದ ನೋಡಿ ‘ಮನೇಲಿ ಮಿಕ್ಸಿ ಕೆಟ್ಟಿದೆಯಾ?’ ಎಂದರು. ಎರಡು ಎಚ್‌ಪಿ ತಂದೆ.

ಗೇರ್ ಬಾಕ್ಸಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. 40ಕ್ಕೆ 1ರ ವರ್ಮ್ ಗೇರು ಹಳೆಯದು, ಅಗ್ಗಕ್ಕೆ ಸಿಕ್ಕಿತು. ಮೋಟಾರು ನಿಮಿಷಕ್ಕೆ 1440 ಸುತ್ತಿದರೆ ಈ ಕಡೆ 36. ನನಗೆ ಬೇಕಾದದ್ದು 12. ನಮ್ಮ ಲೇತಿನ ಯಜಮಾನ ಅದಕ್ಕೆ ಸುಲಭ ದಾರಿ ಹೇಳಿದ್ದ: ‘ಮೋಟಾರಿಗೆ ಮೂರಿಂಚು, ಬಾಕ್ಸಿಗೆ ಒಂಬತ್ತಿಂಚು ಪುಲ್ಲಿ ಹಾಕಿ ವಿ ಬೆಲ್ಟ್ ಬಿಡೋಣ ಅಣ್ಣ. ಸ್ಪೀಡೂ ಇಳೀತದೆ, ಏನಾದ್ರೂ ಸಿಕ್ಕಾಕೊಂಡ್ರೆ ಬೆಲ್ಟು ಜಾರ್ತದೆ.’

ಜಾರುತ್ತದೆ ಎಂಬ ಮಾತು ನನಗೆ ಹಿಡಿಸಲಿಲ್ಲ. ದುಡ್ಡು ಕೊಟ್ಟು ತಂದ ಎರಡು ಎಚ್‌ಪಿ ಯಾಕೆ ಜಾರಬೇಕು? ಅಮೆರಿಕದವನ ಯಂತ್ರದಲ್ಲಿ ಬೆಲ್ಟೇ ಕಾಣುತ್ತಿರಲಿಲ್ಲ. ನೇರ ಕಪ್ಲಿಂಗ್ ಹಾಕು ಎಂದೆ. ನಿಮಿಷಕ್ಕೆ 36 ಆದರೆ ಇನ್ನೂ ಒಳ್ಳೆಯದು, ಕೆಲಸ ಮೂರು ಪಟ್ಟು ಬೇಗ ಮುಗಿಯುತ್ತದೆ ಎಂದೆ. ಆತ ನನ್ನ ಕಡೆ ಒಂದು ಸಲ, ತನ್ನ ಗೋಡೆಯ ದೇವರ ಪಟದ ಕಡೆ ಒಂದು ಸಲ ನೋಡಿ ಬೋಲ್ಟು ಬಿಗಿದ.

ಉದ್ಘಾಟನೆಗೆ ಬೀಗರನ್ನೇ ಕರೆದಿದ್ದೆ. ತಾತನನ್ನೂ ಕರೆದೆ, ಕರೆದದ್ದರಲ್ಲಿ ಸ್ವಲ್ಪ ಕೆಟ್ಟ ಬುದ್ಧಿಯೂ ಇತ್ತು. ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಎದುರಿಗೆ ಕಲ್ಲಿಟ್ಟು ಕೈಯಲ್ಲೇ ಕಾಯಿ ಒಡೆದೆವು. ಅವತ್ತು ಸರಿಯಾಗಿ ಒಡೆದದ್ದು ಅದೊಂದೇ.

ಮೊದಲು ಹಸಿ ಕಾಯಿ. ಸ್ವಿಚ್ ಒತ್ತಿದೆ. ಮೊದಲ ಎಳೆತಕ್ಕೆ ಮಟ್ಟೆ ಚೊಕ್ಕವಾಗಿ ಸೀಳಿತು, ಬೀಗರು ಚಪ್ಪಾಳೆ ತಟ್ಟಿದರು. ಈಗ ಕಾಯಿ ತಿರುಗಿಸಬೇಕಲ್ಲ? ನಿಮಿಷಕ್ಕೆ 36 ಅಂದರೆ ಎರಡು ಸೆಕೆಂಡೂ ತುಂಬದೆ ಮುಂದಿನ ಎಳೆತ ಬಂದುಬಿಡುತ್ತದೆ ಎಂಬುದನ್ನು ನಾನು ಕಾಗದದ ಮೇಲೆ ನೋಡಿದ್ದೆನೇ ಹೊರತು ಕಾಯಿ ಹಿಡಿದುಕೊಂಡು ನೋಡಿರಲಿಲ್ಲ. ಎರಡನೆಯದು ಸೀಳಿದ ಜಾಗಕ್ಕೇ ಬಂತು. ಮೂರನೆಯದು ಕರಟಕ್ಕೆ ಹೋಯಿತು. ಒಳಗಿದ್ದ ನೀರು ಬೀಗರ ಜರಿ ಪಂಚೆಗೆ ಹೋಯಿತು. ‘ಶುಭಸೂಚನೆ’ ಎಂದರು ಅವರು, ಒಳ್ಳೆಯವರು.

ಆಮೇಲೆ ಅಟ್ಟದ ಕಾಯಿ. ಹಸಿ ಮಟ್ಟೆ ಸೀಳುತ್ತದೆ. ವರ್ಷದ ಮಟ್ಟೆ ಒಣಗಿ ಬಿರುಸಾಗಿ ಬೇಗ ಜಗ್ಗುವುದಿಲ್ಲ, ಒಳಗಿನ ಕರಟವೋ ಪೆಡಸು, ಅದರೊಳಗೆ ಗಿಟುಕು ಸಡಿಲ. ಅದರ ಮೇಲೆ ನನ್ನ ಎರಡು ಎಚ್‌ಪಿ, ಅಂದರೆ ಹುಡುಗನ ಲೆಕ್ಕದಲ್ಲಿ ಇಪ್ಪತ್ತು ಜನ ಆಳು, ಒಟ್ಟಿಗೆ ಬಿದ್ದರು. ಮಟ್ಟೆ ಸುಲಿಯಲಿಲ್ಲ. ಮೊನೆ ಮಟ್ಟೆಯನ್ನೂ ಕರಟವನ್ನೂ ಗಿಟುಕನ್ನೂ ಒಟ್ಟಿಗೆ ತೂರಿಕೊಂಡು ಹೋಗಿ ಸಿಕ್ಕಿಹಾಕಿಕೊಂಡಿತು. ಮೋಟಾರು ಹೂಂಕರಿಸಿತು. ಮನೆಯ ದೀಪ ಮಂಕಾಯಿತು. ಒಳಗೆ ಅಮ್ಮನ ಧಾರಾವಾಹಿ ನಿಂತಿತು. ಫ್ಯೂಸ್ ಹೋಗಬೇಕಿತ್ತು, ಹೋಗಲಿಲ್ಲ. ಪದೇ ಪದೇ ಹೋಗುತ್ತದೆ ಎಂದು ಹೋದ ಯುಗಾದಿಯಲ್ಲಿ ದಪ್ಪ ತಂತಿ ಕಟ್ಟಿದವನು ನಾನೇ. ಇಡೀ ಯಂತ್ರ ಕರೆಯಲು ಬಿಡದ ಎಮ್ಮೆಯ ಹಾಗೆ ಕಾಲು ಕಿತ್ತು ನನ್ನ ಕಡೆಗೇ ಬರತೊಡಗಿತು. ನಾನು ಹಿಂದಕ್ಕೆ ಹಾರಿದೆ, ಹೆಗಲ ಟವೆಲ್ಲು ಹಾರಲಿಲ್ಲ, ಅದನ್ನು ಕ್ರ್ಯಾಂಕು ಸುತ್ತಿಕೊಂಡಿತು. ನನ್ನಾಕೆ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದಳು. ಅವಳೇ ಸ್ಥಿಮಿತದಲ್ಲಿದ್ದವಳು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ವರ್ಮ್ ಗೇರಿನ ಒಂದು ಗುಣವೆಂದರೆ, ಈ ಅನುಪಾತದಲ್ಲಿ ಮೋಟಾರು ಅದನ್ನು ತಿರುಗಿಸಬಹುದು, ಅದು ಮೋಟಾರನ್ನು ತಿರುಗಿಸಲಾರದು. ಅಂದರೆ ಈ ಕಡೆಯಿಂದ ಇಡೀ ಊರು ಹಿಡಿದು ಎಳೆದರೂ ಹಿಡಿ ಹಿಂದಕ್ಕೆ ಬರುವುದಿಲ್ಲ. ಊರು ಎಳೆಯಿತು. ಬೀಗರೂ ಎಳೆದರು. ಕೊನೆಗೆ ಕಪ್ಲಿಂಗ್ ಬಿಚ್ಚಿ ಮೋಟಾರಿನ ಕಡೆಯಿಂದ ಸ್ಪ್ಯಾನರ್ ಹಾಕಿ ತಿರುಗಿಸಿ ಕಾಯಿಯನ್ನು ಬಿಡಿಸಿದೆವು. ಗಿಟುಕು ನಾಲ್ಕು ಹೋಳು.

ತಾತ ಇಷ್ಟು ಹೊತ್ತೂ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಎದ್ದು ಬಂದು, ರಾಶಿಯಿಂದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಪಕ್ಕಕ್ಕಿಟ್ಟರು. ಇನ್ನೊಂದನ್ನು ಅಲ್ಲಾಡಿಸಿ ಇಟ್ಟುಕೊಂಡರು. ‘ಅದು ಇನ್ನೂ ಆಗಿಲ್ಲ ಯಜಮಾನ್ರೆ. ಇದು ಆಗೈತೆ.’ ಮೊನೆಗೆ ಕುಕ್ಕಿದರು, ಒಂದು ಮುರಿತ, ಎರಡು ಮುರಿತ, ಮಟ್ಟೆ ಬಿತ್ತು. ‘ಬಿಟ್ಕೊಡ್ತಲೇ ಕೈ ನಿಲ್ಲಿಸ್ಬೇಕು. ನಿಮ್ ಮೋಟ್ರುಗೆ ಯಾವಾಗ ಬಿಟ್ಕೊಡ್ತು ಅಂತ ಯಾರು ಹೇಳ್ತಾರೆ?’ ಆಮೇಲೆ ಆ ಸಲದ ಕೂಲಿಯನ್ನು ಸಾವಿರಕ್ಕೆ ಇಷ್ಟು ಹೆಚ್ಚು ಎಂದು ಅಲ್ಲೇ ಹೇಳಿದರು. ಬೀಗರ ಎದುರಿಗೆ ಚೌಕಾಸಿ ಮಾಡುವ ಹಾಗಿರಲಿಲ್ಲ. ತಾತನಿಗೆ ಅದು ಗೊತ್ತಿತ್ತು.

ಅಕ್ಕನ ಮಗನಿಗೆ ಫೋನ್ ಮಾಡಿ ಬೈದೆ. ಅವನು ವಿಡಿಯೋವನ್ನು ಮತ್ತೆ ನೋಡಿ ಮೆತ್ತಗೆ ಹೇಳಿದ: ಅಮೆರಿಕದವನು ಮೋಟಾರಿನ ಬಗ್ಗೆ ಮಾತಾಡಿದ್ದು ಸ್ವಲ್ಪ, ಉಳಿದ ಹೊತ್ತೆಲ್ಲ ಕ್ಲಚ್ಚಿನ ಬಗ್ಗೆ. ತೋಟಾ ಓರೆಯಾಗಿ ಕೂತರೆ, ಕೇಪು ಅಡ್ಡ ಸಿಕ್ಕರೆ, ಕೈಯಾದರೆ ಅನುಮಾನ ಬಂದು ನಿಲ್ಲುತ್ತದೆ. ಮೋಟಾರು ಒತ್ತಿಯೇ ಬಿಡುತ್ತದೆ, ಒತ್ತಿದರೆ ಕೇಪು ಸಿಡಿಯಬಹುದು. ಅದಕ್ಕೇ ಇಷ್ಟು ಬಲ ಮೀರಿದರೆ ತಾನೇ ಕಳಚಿಕೊಳ್ಳುವ ಕ್ಲಚ್ಚು. ಆ ಭಾಗ ಬಂದಾಗ ನಾವಿಬ್ಬರೂ ಬೇಜಾರಾಗಿ ಮುಂದಕ್ಕೆ ಓಡಿಸಿದ್ದೆವು.

ಲೇತಿನ ಯಜಮಾನ ಒಂದು ಮಾತೂ ಆಡದೆ ಮೂರಿಂಚು, ಒಂಬತ್ತಿಂಚು ಪುಲ್ಲಿ ತೆಗೆದ. ಮೊದಲೇ ಕಡೆದು ಇಟ್ಟಿದ್ದ! ಬೆಲ್ಟು ಹಾಕಿದ. ಕ್ರ್ಯಾಂಕಿಗೆ ಮೆದು ಲೋಹದ ಶಿಯರ್ ಪಿನ್ನು ಹಾಕಿದ, ಬಲ ಹೆಚ್ಚಾದರೆ ಮೊದಲು ಅದು ಮುರಿಯಲಿ ಎಂದು. ಒಂದು ಸಲ ತುಳಿದರೆ ಒಂದೇ ಎಳೆತ ಕೊಟ್ಟು ನಿಲ್ಲುವ ಕಾಲ್ಪೆಡಲು ಮಾಡಿದ. ಫ್ಯೂಸಿಗೆ ತೆಳ್ಳನೆ ತಂತಿ ಹಾಕಿಸಿ ತನ್ನೆದುರಿಗೇ ಆಣೆ ಮಾಡಿಸಿದ. ಹಸಿ ಕಾಯಿ ಈಗ ಚೆನ್ನಾಗಿಯೇ ಸುಲಿಯುತ್ತದೆ, ನನ್ನಾಕೆ ಕೈಯಲ್ಲಿ ಸುಲಿಯುವಷ್ಟೇ ವೇಗದಲ್ಲಿ. ಅಟ್ಟದ ಕಾಯಿ ಕೊಟ್ಟರೆ ಗಿಟುಕು ಒಡೆಯುವುದಿಲ್ಲ, ಪಿನ್ನು ಒಡೆಯುತ್ತದೆ. ಪಿನ್ನಿನ ಖರ್ಚಿನ ಮುಂದೆ ಆ 518 ರೂಪಾಯಿ ಏನೂ ಅಲ್ಲ.

ಹಲ್ಲಿನ ರೋಲರುಗಳು ಎದುರುಬದುರು ತಿರುಗಿ ಮಟ್ಟೆ ಕೀಳುವ, ಟ್ರ್ಯಾಕ್ಟರಿಗೆ ಕಟ್ಟುವ ದೊಡ್ಡ ಯಂತ್ರಗಳು ಈಗ ನಮ್ಮ ಕಡೆ ಓಡಾಡುತ್ತಿವೆ. ಅವುಗಳ ಸುದ್ದಿ ಎತ್ತಿದರೆ ನನ್ನಾಕೆ ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿಕೊಂಡು ಬನ್ನಿ, ಟೀ ಅಂಗಡಿಗೆ ಬೇಡ ಎನ್ನುತ್ತಾಳೆ. ತಾತ ಯುಗಾದಿ ಕಳೆದ ಮೇಲೆ ಬರುತ್ತೇನೆ ಎಂದಿದ್ದಾರೆ.

ಎರಡು ಎಚ್‌ಪಿ ಸಿಂಗಲ್ ಫೇಸ್ ಮೋಟಾರು, 40ಕ್ಕೆ 1ರ ಗೇರ್ ಬಾಕ್ಸು, ಎರಡು ಪುಲ್ಲಿ, ಒಂದು ಬೆಲ್ಟು, ಒಂದು ಡಬ್ಬಿ ಪಿನ್ನು ಮಾರಾಟಕ್ಕಿವೆ. ಬೇಕಾದವರು ಮನೆಗೆ ಬಂದು ನೋಡಬಹುದು, ಸಾಗಿಸುವ ಖರ್ಚು ನಿಮ್ಮದು. ಅಟ್ಟದ ಕಾಯಿಗೆ ಹಚ್ಚುವುದಿಲ್ಲ ಎಂದು ಮಾತು ಕೊಟ್ಟರೆ ನೂರು ರೂಪಾಯಿ ಬಿಡುತ್ತೇನೆ.