ಲೆಕ್ಕ ಬರೆಯಲು ಇಡೀ ಆಫೀಸಿನ ಬೀಗದ ಕೈ

“ಲೆಕ್ಕದ ತಂತ್ರಾಂಶಕ್ಕೆ ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡಿದ್ದೀವಿ ಸಾರ್, ಆದರೂ ತೆರೆದಾಗಲೆಲ್ಲ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ!” “ಲೈಸೆನ್ಸ್ ಫೈಲನ್ನ ಪ್ರೋಗ್ರಾಂ ಫೈಲ್ಸ್ ಒಳಗೇ ಬರೀಬೇಕು ಅನ್ನೋ ಚಟ ಮೇಡಂ ಅದಕ್ಕೆ.” “ಹಾಗಾದ್ರೆ ನನ್ನನ್ನೇ ಅಡ್ಮಿನ್ ಮಾಡಿಬಿಡಿ.” “ಮಾಡಿದ್ರೆ ನೀವು ಗೊತ್ತಿಲ್ಲದೆ ತೆರೆಯೋ ವೈರಸ್ಸಿಗೂ ಬಡ್ತಿ ಸಿಗುತ್ತೆ!”

ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಸಾಕೆಂದು ಗಣಕ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದರು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾ, ಇಂಥ ಹಟಮಾರಿ ತಂತ್ರಾಂಶಗಳು ಬರೆದದ್ದನ್ನು ಗುಟ್ಟಾಗಿ ಬಳಕೆದಾರರ ಫೋಲ್ಡರಿಗೆ ತಿರುಗಿಸಿತು. ಮುದ್ದು ಮಾಡಿ ಕೆಡಿಸಿತು ಎನ್ನಿ. ತಂತ್ರಾಂಶ ಸರಿಹೋಗುವವರೆಗೆ ಕೆಲಸ ನಿಲ್ಲಿಸಲಾದೀತೇ ಎಂಬ ಆಕ್ಷೇಪ ನ್ಯಾಯವೇ. ಆ ಒಂದು ಫೋಲ್ಡರಿಗಷ್ಟೇ ಬರೆಯುವ ಅನುಮತಿ ಕೊಟ್ಟರೆ ಎಷ್ಟೋ ಸಲ ಸಾಕು, ಇಡೀ ಗಣಕ ಒಪ್ಪಿಸಬೇಕಿಲ್ಲ. ಮುಂದಿನ ಸಲ ತಂತ್ರಾಂಶ ಕೊಳ್ಳುವಾಗ ಮಾರುವವರಿಗೆ “ಸಾಮಾನ್ಯ ಖಾತೆಯಲ್ಲಿ ಓಡಿಸಿ ತೋರಿಸಿ” ಎನ್ನಿ. ಚೆಕ್ಕಿಗೆ ಸಹಿ ಆಮೇಲೆ ಹಾಕಿ.